ತೈವಾನಿಗೆ ಹೋದ ಕೆಟ್ಟ ಪೀಸುಗಳು

ಕಾಮಾಕ್ಷಿಪಾಳ್ಯ

ನಾನು ತೈವಾನಿಗೆ ಹೋಗಿ ಬಂದೆ ಎಂದರೆ ಗೋವಿಂದರಾಜನಗರದ ನಮ್ಮ ಬೀದಿಯವರು "ಓ, ಥಾಯ್ಲೆಂಡಾ?" ಎನ್ನುತ್ತಾರೆ. ಅದು ಬೇರೆ, ಇದು ಬೇರೆ ಎಂದು ನಾಲ್ಕು ಜನಕ್ಕೆ ವಿವರಿಸಿದೆ. ಐದನೆಯವರಿಗೆ ಹೂಂ ಎಂದುಬಿಟ್ಟೆ. ಬೀಚು ಹೇಗಿತ್ತು ಎಂದು ಕೇಳಿದರು. ಬೀಚೂ ಇಲ್ಲ, ಮಣ್ಣೂ ಇಲ್ಲ. ನಾಲ್ಕು ದಿನ ಒಂದು ತಗಡಿನ ಶೆಡ್ಡಿನಲ್ಲಿ ಒಂದು ಮೆಷಿನ್ನಿನ ಮುಂದೆ ನಿಂತು ಬಂದೆ. ಹೊರದೇಶ ನೋಡಿ ಬಂದಳು ಎಂದು ಯಾರಿಗಾದರೂ ಹೊಟ್ಟೆಕಿಚ್ಚಿದ್ದರೆ ಇದನ್ನು ಓದಿದ ಮೇಲೆ ಹೋಗುತ್ತದೆ.

ಕಾಮಾಕ್ಷಿಪಾಳ್ಯದ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ನನ್ನ ಕೆಲಸ. ನಾವು ಗ್ಯಾಸ್ ಒಲೆಯ ಜೆಟ್ ಮಾಡುತ್ತೇವೆ. ಕಿರುಬೆರಳಿನ ತುದಿಯಷ್ಟು ಹಿತ್ತಾಳೆಯ ತುಂಡು, ನಡುವೆ ಸೂಜಿಮೊನೆಯಷ್ಟು ತೂತು. ಆ ತೂತಿನಿಂದ ಗ್ಯಾಸ್ ಸರಿಯಾಗಿ ಬಂದರೆ ನಿಮ್ಮ ಮನೆಯಲ್ಲಿ ಉರಿ ನೀಲಿ, ಇಲ್ಲದಿದ್ದರೆ ಪಾತ್ರೆ ತಳವೆಲ್ಲ ಕಪ್ಪು. ಮೆಷಿನ್ನಿನಿಂದ ಬಿದ್ದ ಜೆಟ್ಟುಗಳನ್ನೆಲ್ಲ ಕೊನೆಗೆ ನೋಡುವ ಟೇಬಲ್ಲಿನಲ್ಲಿ ಇಬ್ಬರು ಕೂರುತ್ತೇವೆ: ನಾನು ಮತ್ತು ಜಯಮ್ಮ. ಹತ್ತೊಂಬತ್ತು ವರ್ಷದ ಹಿಂದೆ ನನ್ನ ಕೈಗೆ ಭೂತಗನ್ನಡಿ ಕೊಟ್ಟು ಕೆಲಸ ಕಲಿಸಿದವಳು ಅವಳೇ. ಈಗ ಐವತ್ತೆಂಟು ವರ್ಷ. ಕೆಂಗೇರಿ ಉಪನಗರದಿಂದ ಬರುತ್ತಾಳೆ, ಮೆಟ್ರೋ ಇದ್ದರೂ ಬಸ್ಸಿನಲ್ಲಿಯೇ. ಮೆಟ್ರೋದಲ್ಲಿ ಯಾರೂ ಮಾತಾಡುವುದಿಲ್ಲ ಎಂಬುದು ಅವಳ ದೂರು.

ನಮ್ಮ ಟೇಬಲ್ಲಿನ ಮೇಲೆ ಮೂರು ತಟ್ಟೆ. ಒಂದು ಒಳ್ಳೆಯದಕ್ಕೆ, ಒಂದು ಕೆಟ್ಟದ್ದಕ್ಕೆ. ಮೂರನೆಯದು ಯಾವುದೋ ದೀಪಾವಳಿಯ ಸ್ವೀಟ್ ಬಾಕ್ಸಿನ ಮುಚ್ಚಳ. ಅದನ್ನು ನಾವು ‘ನೋಡೋಣ’ ತಟ್ಟೆ ಎನ್ನುತ್ತೇವೆ. ತೂತು ಕೊರೆದಾಗ ಅಂಚಿನಲ್ಲಿ ಹಿತ್ತಾಳೆಯ ಒಂದು ಸಣ್ಣ ಮುಳ್ಳು ಉಳಿದಿರುತ್ತದೆ, ಅಥವಾ ಅಂಚು ಚೂರು ಜಜ್ಜಿರುತ್ತದೆ. ಒಳ್ಳೆಯದು ಎನ್ನಲು ಮನಸ್ಸು ಬರುವುದಿಲ್ಲ, ಎಸೆಯಲೂ ಬರುವುದಿಲ್ಲ. ಅಂಥವು ಆ ಮುಚ್ಚಳಕ್ಕೆ. ಮಧ್ಯಾಹ್ನ ಊಟವಾದ ಮೇಲೆ ಜಯಮ್ಮ ಅವನ್ನು ಒಂದೊಂದಾಗಿ ಎತ್ತಿಕೊಂಡು, ಬಿದಿರುಕಡ್ಡಿಗೆ ಸಿಕ್ಕಿಸಿದ ಹಳೆಯ ಹೊಲಿಗೆ ಸೂಜಿಯಿಂದ ಮುಳ್ಳು ತೆಗೆದು ಒಳ್ಳೆಯ ತಟ್ಟೆಗೆ ಹಾಕುತ್ತಾಳೆ. ಅವಳಿಂದಲೂ ಆಗದ್ದು ಮಾತ್ರ ಗುಜರಿಗೆ.

ಈ ಟೇಬಲ್ಲಿನ ಮೇಲೆ ನಮ್ಮ ಯಜಮಾನರ ಕಣ್ಣು ಬಿತ್ತು. ಅವರ ತಂದೆ ಇದೇ ಜಾಗದಲ್ಲಿ ರಾಗಿ ಬೆಳೆದವರು. ಇವರು ಶೆಡ್ಡು ಬೆಳೆದರು, ಈಗ ಮೆಷಿನ್ನು ಬೆಳೆಯುವ ಆಸೆ. ತೈವಾನಿನಲ್ಲಿ ಒಂದು ಮೆಷಿನ್ ಇದೆಯಂತೆ. ತಿರುಗುವ ಗಾಜಿನ ತಟ್ಟೆಯ ಮೇಲೆ ಪೀಸು ಹಾಕಿದರೆ ಕ್ಯಾಮೆರಾ ಫೋಟೋ ಹೊಡೆದು, ಒಳ್ಳೆಯದನ್ನು ಒಂದು ಡಬ್ಬಕ್ಕೂ ಕೆಟ್ಟದ್ದನ್ನು ಇನ್ನೊಂದು ಡಬ್ಬಕ್ಕೂ ಉಫ್ ಎಂದು ಊದುತ್ತದಂತೆ. ನಾವಿಬ್ಬರು ದಿನವಿಡೀ ನೋಡುವುದನ್ನು ಅದು ಕಾಫಿ ಹೊತ್ತಿಗೆ ಮುಗಿಸುತ್ತದಂತೆ. ಹಡಗಿಗೆ ಹಾಕುವ ಮೊದಲು ಯಾರಾದರೂ ಹೋಗಿ ಪರೀಕ್ಷೆ ಮಾಡಿ ಸಹಿ ಹಾಕಬೇಕು. ಯಜಮಾನರಿಗೆ ಮಂಡಿ ಆಪರೇಷನ್ ಆಗಿತ್ತು. ಪಿಯುಸಿ ಪಾಸಾಗಿ, ಈಮೇಲ್ ಬರೆಯಲು ಬರುತ್ತಿದ್ದವಳು ನಾನೊಬ್ಬಳೇ.

ನನ್ನನ್ನು ಕರೆದು ಬಾಗಿಲು ಹಾಕಿಕೊಂಡು ಅವರು ಹೇಳಿದ್ದಿಷ್ಟು: "ಸುಜಾತ, ಮೆಷಿನ್ ಬಂದ್ಮೇಲೆ ಆ ಟೇಬಲ್‌ಗೆ ಒಬ್ರು ಸಾಕು. ನೀನು ಚೆನ್ನಾಗಿ ಕಲ್ತ್ಕೊಂಡು ಬಾ. ಜಯಮ್ಮಂಗೆ ಆಮೇಲೆ ನಾನೇ ಹೇಳ್ತೀನಿ."

ಜಯಮ್ಮನ ಗಂಡನಿಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್. ಅದು ನಡೆಯುತ್ತಿರುವುದು ಅವಳ ಇಎಸ್‌ಐ ಕಾರ್ಡಿನ ಮೇಲೆ. ಅರವತ್ತು ತುಂಬಿ ನಿವೃತ್ತಿಯಾದರೆ ಆ ಸೌಲಭ್ಯ ಮುಂದುವರಿಯುತ್ತದೆ. ಅದಕ್ಕೆ ಮೊದಲೇ ಕೆಲಸ ಹೋದರೆ ಕಾರ್ಡೂ ಹೋದಂತೆ. ಅರವತ್ತಕ್ಕೆ ಇನ್ನೆರಡು ವರ್ಷ ಇತ್ತು. ಇದು ಯಜಮಾನರಿಗೆ ಗೊತ್ತಿತ್ತೋ ಇಲ್ಲವೋ, ನನಗೆ ಗೊತ್ತಿತ್ತು. ಆದರೂ ನಾನು ಹೂಂ ಸಾರ್ ಎಂದು ಹೊರಗೆ ಬಂದೆ. ಜಯಮ್ಮನಿಗೆ ಒಂದು ಮಾತೂ ಹೇಳಲಿಲ್ಲ. ಪರೀಕ್ಷೆಗೆ ನೂರು ಒಳ್ಳೆಯ ಪೀಸು, ನೂರು ಕೆಟ್ಟ ಪೀಸು ತರಬೇಕೆಂದು ತೈವಾನಿನವರು ಬರೆದಿದ್ದರು. ಮೆಷಿನ್ನಿಗೆ ಕಲಿಸಲೆಂದು ಕೆಟ್ಟ ಪೀಸುಗಳ ಫೋಟೋಗಳನ್ನು ತಿಂಗಳ ಮುಂಚೆಯೇ ಕಳಿಸಿದ್ದೆ. ಪೀಸುಗಳನ್ನು ಕಟ್ಟುವ ಕೆಲಸ ಜಯಮ್ಮನದು. ಎರಡು ಪೊಟ್ಟಣ ಕಟ್ಟಿ, ಅದರ ಜೊತೆಗೆ ಕೋಡುಬಳೆ, ಚಟ್ನಿಪುಡಿಯನ್ನೂ ಇಟ್ಟಳು. ನನಗೆ ಅವಳ ಮುಖ ನೋಡಲಾಗಲಿಲ್ಲ.

ದೇವನಹಳ್ಳಿ

ಪೀಸುಗಳನ್ನು ಕೈಬ್ಯಾಗಿನಲ್ಲೇ ಇಟ್ಟುಕೋ, ಲಗೇಜಿಗೆ ಹಾಕಿದರೆ ಕಳೆದುಹೋಗುತ್ತದೆ ಎಂದು ಯಜಮಾನರು ಹತ್ತು ಸಲ ಹೇಳಿದ್ದರು. ಅವರ ಮಾತು ಕೇಳಿದ್ದಕ್ಕೆ ವಿಮಾನ ನಿಲ್ದಾಣದಲ್ಲಿ ಮಾನ ಹೋಯಿತು. ಸ್ಕ್ಯಾನರಿನೊಳಗೆ ಹೋದ ನನ್ನ ಬ್ಯಾಗು ಹೊರಗೆ ಬರಲೇ ಇಲ್ಲ. ಒಬ್ಬರು ನೋಡಿದರು, ಇನ್ನೊಬ್ಬರನ್ನು ಕರೆದರು, ಆಮೇಲೆ ಮೂರು ಜನ ನನ್ನನ್ನು ಪಕ್ಕಕ್ಕೆ ಕರೆದರು. ಒಂದು ತುದಿ ಚೂಪಾಗಿರುವ, ಹಿತ್ತಾಳೆಯ, ಇನ್ನೂರು ತುಂಡುಗಳು. ಅವರಿಗೆ ಏನು ಕಂಡಿತು ಎಂದು ನಾನು ಹೇಳಬೇಕಾಗಿಲ್ಲ.

ಒಲೆಯ ಜೆಟ್ ಸಾರ್ ಎಂದೆ. ಯಾವ ಒಲೆ ಎಂದರು. ಗ್ಯಾಸ್ ಒಲೆ ಎಂದದ್ದೇ ತಪ್ಪಾಯಿತು. ಗ್ಯಾಸ್ ಎಂಬ ಪದ ಕೇಳಿ ನಾಲ್ಕನೆಯವರು ಬಂದರು. ಕೊನೆಗೆ ಹಿರಿಯ ಅಧಿಕಾರಿಣಿಯೊಬ್ಬರು ಒಂದು ಪೀಸನ್ನು ಬೆಳಕಿಗೆ ಹಿಡಿದು, ತೂತಿನೊಳಗೆ ನೋಡಿ, ತಮ್ಮ ಮನೆಯ ಒಲೆ ಒಂದು ತಿಂಗಳಿಂದ ಹಳದಿ ಉರಿಯುತ್ತಿದೆ, ಇದರಿಂದಲೇ ಇರಬಹುದೇ ಎಂದು ಕೇಳಿದರು. ಸೂಜಿ ಹಾಕಿ ಮೆಲ್ಲಗೆ ಚುಚ್ಚಿ ಮೇಡಂ, ದಪ್ಪ ಸೂಜಿ ಬೇಡ ಎಂದೆ. ಬ್ಯಾಗು ಸಿಕ್ಕಿತು. ಕೋಡುಬಳೆ ಅರ್ಧ ಪುಡಿಯಾಗಿತ್ತು.

ತೈಚುಂಗ್, ಮೊದಲ ದಿನ

ಬ್ಯಾಂಕಾಕಿನಲ್ಲಿ ವಿಮಾನ ಬದಲಿಸಿ, ತೈಪೆಯಲ್ಲಿ ಇಳಿದು, ಅಲ್ಲಿಂದ ರೈಲಿನಲ್ಲಿ ತೈಚುಂಗ್ ಎಂಬ ಊರು ಸೇರಿದೆ. ಸ್ಟೇಷನ್ನಿಗೆ ಲಿನ್ ಎಂಬ ಇಂಜಿನಿಯರ್ ಬಂದಿದ್ದ. ಮೂವತ್ತೈದರ ಆಸುಪಾಸು, ಸಣ್ಣ ಧ್ವನಿ, ಮಾತಿಗೊಮ್ಮೆ ಕ್ಷಮಿಸಿ ಎನ್ನುವವ. ಅವನ ಇಂಗ್ಲಿಷ್ ನನ್ನದರಷ್ಟೇ ಹರಕಾಗಿದ್ದರಿಂದ ನಮಗೆ ಚೆನ್ನಾಗಿ ಹೊಂದಿತು.

ಆ ಊರಿನಲ್ಲಿ ಮನುಷ್ಯರಿಗಿಂತ ಸ್ಕೂಟರ್ ಹೆಚ್ಚು. ಆದರೆ ಸಿಗ್ನಲ್ಲಿನಲ್ಲಿ ನಿಲ್ಲುತ್ತಾರೆ. ರಸ್ತೆ ಖಾಲಿ ಹೊಡೆಯುತ್ತಿದ್ದರೂ, ಪೊಲೀಸ್ ಇಲ್ಲದಿದ್ದರೂ, ಕೆಂಪು ದೀಪ ನೋಡಿಕೊಂಡು ಸುಮ್ಮನೆ ನಿಂತಿರುತ್ತಾರೆ. ಮಾಗಡಿ ರಸ್ತೆಯಲ್ಲಿ ಹೀಗೆ ನಿಂತರೆ ಹಿಂದಿನವರು ನಮ್ಮ ಮೂರು ತಲೆಮಾರನ್ನು ನೆನೆಯುತ್ತಾರೆ. ಸಂಜೆ ಹೋಟೆಲಿನ ಕೆಳಗೆ ಇಂಪಾದ ಸಂಗೀತ ಕೇಳಿಸಿತು. ಐಸ್‌ಕ್ರೀಂ ಗಾಡಿ ಇರಬೇಕು ಎಂದು ಚಪ್ಪಲಿ ಮೆಟ್ಟಿಕೊಂಡು ಓಡಿದೆ. ಕಸದ ಲಾರಿ. ಬೀದಿಯವರೆಲ್ಲ ಚೀಲ ಹಿಡಿದು ಸಾಲಾಗಿ ನಿಂತಿದ್ದರು. ಕಸದ ಗಾಡಿಯ ಹಾಡಿಗೆ ನಮ್ಮ ಬೀದಿಯಲ್ಲಿ ದಿನಾ ಓಡುತ್ತೇನೆ, ಸಮುದ್ರ ದಾಟಿ ಬಂದರೂ ಅದಕ್ಕೇ ಓಡಬೇಕಾಯಿತು. ಕೈಯಲ್ಲಿ ಚೀಲವಿಲ್ಲದೆ ನಿಂತಿದ್ದ ನನ್ನನ್ನು ಎಲ್ಲರೂ ನೋಡಿದರು.

ಒಂದು ವಿಷಯಕ್ಕೆ ಮಾತ್ರ ಹೊಟ್ಟೆ ತಣ್ಣಗಾಯಿತು. ಕೆಲವು ಹೋಟೆಲುಗಳ ಬೋರ್ಡಿನಲ್ಲಿ ನಮ್ಮ ಅಂಗಡಿಗಳ ಬಾಗಿಲಿನಲ್ಲಿ ಬರೆಯುವ ಸ್ವಸ್ತಿಕದಂಥ ಗುರುತು ಇರುತ್ತದೆ. ಅದು ಇದ್ದರೆ ಒಳಗೆ ಬರೀ ಸಸ್ಯಾಹಾರ ಎಂದು ಲಿನ್ ಹೇಳಿಕೊಟ್ಟ. ನಾಲ್ಕು ದಿನವೂ ಆ ಗುರುತು ಹುಡುಕಿಕೊಂಡು ಅಲೆದೆ.

ಅವರ ಕಾರ್ಖಾನೆ ನೋಡಿ ನನಗೆ ಸಿಟ್ಟು ಬಂತು. ಮನುಷ್ಯರು ಬೇಡ ಎನ್ನುವ ಮೆಷಿನ್ ಮಾಡುವ ಜಾಗದಲ್ಲಿ ಎಲ್ಲಿ ನೋಡಿದರೂ ಮನುಷ್ಯರು. ಒಬ್ಬ ಗಾಜು ಒರೆಸುತ್ತಿದ್ದಾನೆ, ಒಬ್ಬ ಸ್ಕ್ರೂ ಬಿಗಿಯುತ್ತಿದ್ದಾನೆ, ಮೂಲೆಯಲ್ಲಿ ಜಯಮ್ಮನ ವಯಸ್ಸಿನ ಹೆಂಗಸೊಬ್ಬಳು ಕೂತು ಸಣ್ಣ ಸಣ್ಣ ವೈರುಗಳನ್ನು ಜಡೆಯಂತೆ ಹೆಣೆದು ಕಟ್ಟುತ್ತಿದ್ದಾಳೆ. ಅವಳ ಹೆಸರು ಮೇ. ನಾನು ಮೇ ಅಕ್ಕ ಎಂದೆ. ಇದನ್ನೆಲ್ಲ ಕೈಯಲ್ಲೇ ಮಾಡುತ್ತೀರಲ್ಲ ಎಂದು ಲಿನ್‌ನನ್ನು ಕೇಳಿದೆ. ವೈರು ಮೆತ್ತಗಿರುತ್ತದೆ, ಮೆಷಿನ್ನಿಗೆ ಹಿಡಿಯಲು ಬರುವುದಿಲ್ಲ ಎಂದ. ಹಾಗಾದರೆ ಜಯಮ್ಮ ಗಟ್ಟಿ ಹಿತ್ತಾಳೆ ಬಿಟ್ಟು ವೈರಿನ ಕೆಲಸ ಕಲಿಯಬೇಕಿತ್ತು ಎಂದುಕೊಂಡೆ.

ಎರಡನೆಯ ದಿನ

ಪರೀಕ್ಷೆ ಇದ್ದದ್ದು ಆ ಮಧ್ಯಾಹ್ನ. ಬೆಳಿಗ್ಗೆಯೆಲ್ಲ ಮೆಷಿನ್ನು ಒರೆಸಿ, ಬೆಳಕು ಸರಿ ಮಾಡಿ, ಲಿನ್ ಅದರ ತಲೆಯ ಮೇಲೆ ಒಂದು ಹಸಿರು ಪ್ಯಾಕೆಟ್ ಇಟ್ಟು, ನನ್ನ ಕಡೆ ನೋಡಿ ನಕ್ಕ. ಊಟಕ್ಕೆ ಎಲ್ಲರಿಗೂ ಡಬ್ಬ ಬಂತು. ನನ್ನ ಡಬ್ಬದಲ್ಲಿ ಅನ್ನದ ಮೇಲೆ ಹಂದಿಮಾಂಸ. ಯಾರಿಗೂ ಬೇಸರವಾಗದಿರಲೆಂದು ಮುಚ್ಚಿಟ್ಟೆ. ಉಳಿದವರು ಊಟ ಮುಗಿಸಿ, ದೀಪ ಆರಿಸಿ, ಟೇಬಲ್ಲಿನ ಮೇಲೆ ತಲೆಯಿಟ್ಟು ಮಲಗಿಬಿಟ್ಟರು. ಅಲ್ಲಿ ಅದು ದಿನದ ಪದ್ಧತಿ, ಯಜಮಾನನೂ ಮಲಗುತ್ತಾನೆ. ನನಗೆ ಹಸಿವಿನಲ್ಲಿ ನಿದ್ದೆ ಎಲ್ಲಿಂದ ಬರಬೇಕು? ಹಸಿರು ಪ್ಯಾಕೆಟ್ ಕಣ್ಣಿಗೆ ಬಿತ್ತು. ಜೋಳದ ಕುರುಕು ತಿಂಡಿಯ ಚಿತ್ರ, ಪಕ್ಕದಲ್ಲಿ ತೆಂಗಿನಕಾಯಿ. ಪಾಪ, ನನಗೆಂದೇ ಇಟ್ಟಿದ್ದಾನೆ, ಅದಕ್ಕೇ ನಕ್ಕಿದ್ದು ಎಂದುಕೊಂಡು ಪೂರ್ತಿ ತಿಂದೆ. ರುಚಿಯಾಗಿತ್ತು. ಕವರನ್ನು ಮಡಿಸಿ, ಅಲ್ಲಿದ್ದ ಆರು ಕಸದ ಡಬ್ಬಗಳಲ್ಲಿ ಸರಿಯಾದದ್ದನ್ನು ಹುಡುಕಿ ಹಾಕಿದೆ.

ಎರಡು ಗಂಟೆಗೆ ಪರೀಕ್ಷೆ ಶುರು. ನೂರು ಒಳ್ಳೆಯ ಪೀಸು ಸುರಿದರು. ನೂರೂ ಒಳ್ಳೆಯ ಡಬ್ಬಕ್ಕೆ ಹೋದವು. ಚಪ್ಪಾಳೆ. ನೂರು ಕೆಟ್ಟ ಪೀಸು ಸುರಿದರು. ಅವೂ ನೂರಕ್ಕೆ ನೂರು ಒಳ್ಳೆಯ ಡಬ್ಬಕ್ಕೇ ಹೋದವು. ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಲಿನ್‌ನ ಕಿವಿ ಕೆಂಪಾಯಿತು. ಇನ್ನೊಮ್ಮೆ ಸುರಿದರು. ಅದೇ ಕಥೆ. ಆಗ ಅವನು ಮೆಷಿನ್ನಿನ ತಲೆಯ ಮೇಲೆ ನೋಡಿದ. ಅಲ್ಲಿ ಪ್ಯಾಕೆಟ್ ಇರಲಿಲ್ಲ. ಎಲ್ಲರೂ ಹುಡುಕಿದರು, ಕೆಳಗೆ ಬಗ್ಗಿ ಕೂಡ. ನಾನೇ ತಿಂದೆ ಎಂದು ಸಂಕೋಚದಿಂದ ಹೇಳಿದೆ.

ಆಮೇಲೆ ತಿಳಿಯಿತು: ಮೆಷಿನ್ನು ಹಟ ಮಾಡದೆ ಹೇಳಿದ ಮಾತು ಕೇಳಲಿ ಎಂದು ಆ ದೇಶದಲ್ಲಿ ಅದರ ಮೇಲೆ ಈ ತಿಂಡಿಯ ಪ್ಯಾಕೆಟ್ ಇಡುತ್ತಾರೆ. ಹಸಿರೇ ಆಗಬೇಕು, ತಾರೀಕು ಮುಗಿದಿರಬಾರದು, ಒಡೆಯಲೇಬಾರದು. ನಮ್ಮ ಆಯುಧಪೂಜೆಯ ದಿನ ಯಾರೋ ಹೊರಗಿನವಳು ಬಂದು, ಮೆಷಿನ್ ಮುಂದೆ ಒಡೆದ ಬೂದುಗುಂಬಳವನ್ನು ಎತ್ತಿಕೊಂಡು ಹೋಗಿ ಹುಳಿ ಮಾಡಿದ ಹಾಗಾಯಿತು. ನೆಲ ಬಾಯಿ ಬಿಡಬಾರದೇ ಎನ್ನಿಸಿತು. ಯಾರೂ ಬಯ್ಯಲಿಲ್ಲ, ಅದೇ ದೊಡ್ಡ ಕಷ್ಟ. ಒಬ್ಬ ಸ್ಕೂಟರಿನಲ್ಲಿ ಹೋಗಿ ಹಳದಿ ಪ್ಯಾಕೆಟ್ ತಂದ. ಹಳದಿ ನಡೆಯುವುದಿಲ್ಲವಂತೆ. ಮತ್ತೆ ಕಳಿಸಿದರು. ಹಸಿರು ಬಂತು. ಇಟ್ಟರು, ಕೈ ಮುಗಿದರು, ನಾನೂ ಮುಗಿದೆ. ಮತ್ತೆ ನೂರಕ್ಕೆ ನೂರು ಒಳ್ಳೆಯ ಡಬ್ಬಕ್ಕೆ.

ಲಿನ್ ಫೋನು ತೆಗೆದು ಅದಕ್ಕೆ ತನ್ನ ಭಾಷೆಯಲ್ಲಿ ಏನೋ ಹೇಳಿದ. ಅದು ವಾರ್ತೆ ಓದುವವರ ಧ್ವನಿಯಲ್ಲಿ ಕನ್ನಡದಲ್ಲಿ ಹೇಳಿತು: "ನಿಮ್ಮ ಕೆಟ್ಟ ತುಣುಕುಗಳು ಅತ್ಯುತ್ತಮವಾಗಿವೆ."

ಫೋನಿಗೆ ತಲೆ ಕೆಟ್ಟಿದೆ ಎಂದುಕೊಂಡು ಒಂದು ಪೀಸು ಎತ್ತಿ ಭೂತಗನ್ನಡಿಯಲ್ಲಿ ನೋಡಿದೆ. ಮುಳ್ಳಿಲ್ಲ. ಇನ್ನೊಂದು ನೋಡಿದೆ. ಅದಕ್ಕೂ ಇಲ್ಲ. ಮೂರನೆಯದರ ತೂತಿನ ಅಂಚಿನಲ್ಲಿ ಎಡದಿಂದ ಬಲಕ್ಕೆ ಓರೆಯಾಗಿ ಕೂದಲೆಳೆಯಷ್ಟು ಗೀಟು ಕಂಡಿತು. ಆ ಗೀಟು ಯಾರ ಸೂಜಿಯದು ಎಂದು ನನಗೆ ಗೊತ್ತು. ಹತ್ತೊಂಬತ್ತು ವರ್ಷದಿಂದ ನೋಡುತ್ತಿದ್ದೇನೆ. ಹಣೆ ಹಣೆ ಚಚ್ಚಿಕೊಂಡೆ.

ಊರಲ್ಲಿ ಆಗಿನ್ನೂ ಮಧ್ಯಾಹ್ನದ ಊಟದ ಹೊತ್ತು. ಫೋನು ಮಾಡಿದೆ. ಜಯಮ್ಮ ಮೊದಲು ಅಲ್ಲಿ ಅನ್ನ ಸಿಗುತ್ತಾ ಎಂದು ಕೇಳಿದಳು. ಕೆಟ್ಟ ಪೀಸುಗಳಿಗೆ ನೀನು ಏನು ಮಾಡಿದೆ ಎಂದು ನಾನು ಕೇಳಿದೆ.

"ಏನ್ ಮಾಡ್ತಾರೆ? ಸರಿ ಮಾಡ್ದೆ. ಹೊರದೇಶಕ್ಕೆ ಹೋಗೋ ಮಾಲು ಕಣೇ. ಹಂಗೇ ಕಳ್ಸಕ್ಕಾಗುತ್ತಾ? ನಮ್ ಟೇಬಲ್ ಬಗ್ಗೆ ಏನಂದ್ಕೋತಾರೆ?"

"ಅಕ್ಕಾ, ಅವ್ರು ಕೆಟ್ಟದ್ದೇ ಬೇಕು ಅಂತ ಕೇಳಿದ್ರು."

"ಕೇಳಿದ್ರು ಅಂತ ಕೊಟ್ಬಿಡ್ತಾರಾ? ಮೂರು ದಿನ ಕೂತು ಒಂದೊಂದೇ ಮಾಡಿದೀನಿ. ಎಂಟು ಪೀಸು ಕೈಗೆ ಬಗ್ಗಲಿಲ್ಲ. ಅದನ್ನ ತೆಗೆದು ಒಳ್ಳೇದು ಹಾಕ್ದೆ. ಯಾಕೆ, ಏನಾದ್ರೂ ಉಳ್ಕೊಂಡಿತ್ತಾ?"

ಒಂದೂ ಉಳಿದಿಲ್ಲ ಅಕ್ಕಾ ಎಂದು ಫೋನು ಇಟ್ಟೆ. ಬಯ್ಯೋಣವೆಂದರೆ ಬಾಯಿ ಬರಲಿಲ್ಲ. ಅವಳ ಜಾಗಕ್ಕೆ ಬರುವ ಮೆಷಿನ್ನಿನ ಪರೀಕ್ಷೆಗೆ ಅದು ಎಂದು ನಾನೇ ಅವಳಿಗೆ ಹೇಳಿರಲಿಲ್ಲವಲ್ಲ. ನನ್ನ ಮೇಲೆಯೇ ಉರಿ ಹತ್ತಿತು.

ಲಿನ್‌ಗೆ ವಿಷಯ ಹೇಳಿದೆ. ಅವನು ನಂಬಲಿಲ್ಲ. ಸೂಜಿಯಲ್ಲಾ, ಕೈಯಲ್ಲಾ, ತೂತು ದೊಡ್ಡದಾಗದ ಹಾಗೆ ಮುಳ್ಳು ಮಾತ್ರ ತೆಗೆದದ್ದಾ ಎಂದು ಮೂರು ಸಲ ಕೇಳಿದ. ಪೀಸನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ತುಂಬ ಹೊತ್ತು ನೋಡಿದ. ಮೇ ಅಕ್ಕನನ್ನು ಕರೆದ, ಅವಳು ನೋಡಿದಳು. ಆಮೇಲೆ ಶೆಡ್ಡಿನವರೆಲ್ಲ ಸಾಲಾಗಿ ಬಂದು ನೋಡಿದರು. ಮೆಷಿನ್ ಸೋಲಲಿಲ್ಲ ಎಂದು ಅವರಿಗೆ ಸಮಾಧಾನ. ಅಷ್ಟು ಕೋಪದ ನಡುವೆಯೂ ನನಗೆ ಹೆಮ್ಮೆಯಾಯಿತು, ಅದನ್ನು ಮುಚ್ಚಿಡುವುದಿಲ್ಲ.

ಮೂರನೆಯ ದಿನ

ಈಗ ಕೆಟ್ಟ ಪೀಸು ಬೇಕು. ಊರಿಂದ ತರಿಸಲು ಹೊತ್ತಿಲ್ಲ. ಇರುವುದು ಇನ್ನೂರು ಒಳ್ಳೆಯ ಪೀಸು. ನೀವೇ ಕೂತು ನೂರನ್ನು ಕೆಡಿಸಿಕೊಡಿ ಎಂದ ಲಿನ್, ಕ್ಷಮೆ ಕೇಳುತ್ತಾ. ಹತ್ತೊಂಬತ್ತು ವರ್ಷ ಕೆಟ್ಟ ಪೀಸು ಹೊರಗೆ ಹೋಗದ ಹಾಗೆ ಕಾದವಳು ನಾನು. ಈಗ ಸಮುದ್ರದಾಚೆ ಬಂದು ಕೆಟ್ಟ ಪೀಸು ತಯಾರಿಸುವ ಯೋಗ ಬಂತು. ಕೈ ಬರಲೇ ಇಲ್ಲ. ಮೊದಲ ಹತ್ತನ್ನು ಸಿಟ್ಟಿನಲ್ಲಿ ಇಕ್ಕಳದಿಂದ ಜಜ್ಜಿದೆ. ಇಂಥದ್ದನ್ನು ಕಣ್ಣಿಲ್ಲದವರೂ ಹಿಡಿಯುತ್ತಾರೆ, ಸಣ್ಣ ತಪ್ಪು ಬೇಕು ಎಂದ ಲಿನ್. ಸಣ್ಣ ತಪ್ಪು ಮಾಡುವುದು ಎಷ್ಟು ಕಷ್ಟ ಎಂದು ಆ ದಿನ ಗೊತ್ತಾಯಿತು.

ಮೇ ಅಕ್ಕ ಒಂದು ಸಣ್ಣ ಅರ, ಒಂದು ಸೂಜಿ ತಂದು ನನ್ನ ಪಕ್ಕ ಕೂತಳು. ನಾನು ತೋರಿಸಿದಂತೆ ಅಂಚು ತಿವಿದು ಮುಳ್ಳು ಎಬ್ಬಿಸತೊಡಗಿದಳು, ನನಗಿಂತ ಚೆನ್ನಾಗಿ. ನಿಮ್ಮ ಟೇಬಲ್ಲಿನಲ್ಲಿ ಎಷ್ಟು ಜನ ಎಂದು ಲಿನ್‌ನ ಮೂಲಕ ಕೇಳಿದಳು. ಇಬ್ಬರು ಎಂದೆ. ಇದು ಬಂದ ಮೇಲೆ ಎಷ್ಟು ಎಂದಳು. ಒಂದು ಬೆರಳು ತೋರಿಸಿದೆ. ಅವಳು ತನ್ನ ಮೂಲೆಯ ಉದ್ದನೆಯ ಬೆಂಚಿನ ಕಡೆ ಕೈ ತೋರಿಸಿದಳು. ಅಲ್ಲಿ ಆರು ಸ್ಟೂಲು ಇದ್ದವು. ನಾನು ಎರಡು ದಿನದಿಂದ ನೋಡಿದ್ದರೂ ಐದು ಖಾಲಿ ಇರುವುದನ್ನು ಗಮನಿಸಿರಲಿಲ್ಲ. ಲಿನ್ ಅದನ್ನು ಅನುವಾದಿಸಲು ಹೋಗಲಿಲ್ಲ.

ಸುಳ್ಳು ಹೇಳುವುದಿಲ್ಲ, ಆಗ ಒಂದು ಕೆಟ್ಟ ಯೋಚನೆ ಬಂತು. ಈ ಪೀಸುಗಳನ್ನು ಅಡ್ಡಾದಿಡ್ಡಿ ಕೆಡಿಸಿಟ್ಟರೆ, ಇವುಗಳಿಂದಲೂ ಕಲಿಯುವ ಮೆಷಿನ್ನು ತಪ್ಪು ಕಲಿತು ಅಡ್ಡಾದಿಡ್ಡಿ ಊದುತ್ತದೆ. ಪರೀಕ್ಷೆ ಫೇಲ್, ಸಹಿ ಇಲ್ಲ, ಜಯಮ್ಮನ ಕುರ್ಚಿ ಗಟ್ಟಿ. ಸೂಜಿ ಹಿಡಿದು ಹತ್ತು ನಿಮಿಷ ಹಾಗೇ ಕೂತಿದ್ದೆ. ಆದರೆ ಯಜಮಾನರು ಬಿಡುತ್ತಾರೆಯೇ? ಇದಿಲ್ಲದಿದ್ದರೆ ಇನ್ನೊಂದು ಮೆಷಿನ್ ತರುತ್ತಾರೆ. ಅಥವಾ ಇದನ್ನೇ ತಂದು, ತಪ್ಪು ಕಲಿತ ಮೆಷಿನ್ನು ಪಾಸು ಮಾಡಿದ ಜೆಟ್ಟು ಯಾರದೋ ಅಡುಗೆಮನೆಗೆ ಹೋದರೆ? ನನಗೆ ಅಷ್ಟು ಧೈರ್ಯವಿಲ್ಲ. ಸರಿಯಾಗಿಯೇ ಕೆಡಿಸಿಕೊಟ್ಟೆ.

ಮೆಷಿನ್ನು ಅದನ್ನೆಲ್ಲ ಹಿಡಿಯಿತು. ಆದರೆ ಒಂದು ಪೀಸು ಉಳಿಯಿತು. ನನ್ನ ಕೈ ಅಂಜಿ ಅರ್ಧಕ್ಕೇ ನಿಲ್ಲಿಸಿದ್ದು, ಮುಳ್ಳು ಇದೆ ಎಂದರೆ ಇದೆ, ಇಲ್ಲ ಎಂದರೆ ಇಲ್ಲ. ಮೆಷಿನ್ನು ಮೊದಲು ಒಳ್ಳೆಯದು ಎಂದಿತು. ಮತ್ತೆ ಹಾಕಿದರೆ ಕೆಟ್ಟದ್ದು ಎಂದಿತು. ಮೂರನೆಯ ಸಲ ಒಳ್ಳೆಯದು. ಎರಡೇ ಡಬ್ಬ ಇದ್ದರೆ ಪಾಪ ಅದಾದರೂ ಏನು ಮಾಡೀತು? ನಮ್ಮಲ್ಲಿ ಇದಕ್ಕೆ ಮೂರನೆಯ ತಟ್ಟೆ ಇದೆ, ಗೊತ್ತಾಗದ್ದನ್ನು ಅದಕ್ಕೆ ಹಾಕಿ ಆಮೇಲೆ ನೋಡುತ್ತೇವೆ ಎಂದೆ.

ಲಿನ್ ಮೆಷಿನ್ನಿನ ಪಕ್ಕಕ್ಕೆ ಹೋಗಿ ನಾಲ್ಕು ಸ್ಕ್ರೂ ಬಿಚ್ಚಿ ಒಂದು ತಗಡು ತೆಗೆದ. ಒಳಗೆ ಮೂರನೆಯ ದಾರಿ ಇತ್ತು. ಎಲ್ಲಾ ಮೆಷಿನ್ನಿನಲ್ಲೂ ಇರುತ್ತದಂತೆ. ಸಂಶಯ ಬಂದ ಪೀಸು ಅದರಲ್ಲಿ ಬಿದ್ದರೆ ಯಾರಾದರೂ ಒಬ್ಬರು ನೋಡಿ ಹಸಿರು ಗುಂಡಿಯನ್ನೋ ಕೆಂಪು ಗುಂಡಿಯನ್ನೋ ಒತ್ತಬೇಕು. ಅದನ್ನು ನೋಡಿ ಮೆಷಿನ್ನು ಕಲಿಯುತ್ತದೆ. ಆದರೆ ಅಲ್ಲೊಬ್ಬ ಮನುಷ್ಯ ಕೂರಬೇಕಲ್ಲ, ಅದಕ್ಕೇ ಕೊಳ್ಳುವವರು ಮುಚ್ಚಿಸಿಬಿಡುತ್ತಾರೆ ಎಂದ. ಇದ್ದ ದಾರಿಗೆ ತಗಡು ಹೊಡೆದು ಕೂತಿದ್ದಾರೆ! ನನ್ನ ಧ್ವನಿ ಏರಿತು. ಇದು ತೆರೆದಿದ್ದರೆ ಮಾತ್ರ ಸಹಿ, ಇಲ್ಲದಿದ್ದರೆ ಇಲ್ಲ ಎಂದೆ.

ನಾಲ್ಕನೆಯ ದಿನ

ಯಜಮಾನರಿಗೆ ಫೋನಿನಲ್ಲಿ ಹೇಳಿದೆ. ಎರಡು ಡಬ್ಬವಾದರೆ ಒಂದೇ ಪೀಸು ಒಮ್ಮೆ ಪಾಸು, ಒಮ್ಮೆ ಫೇಲು ಎಂದದ್ದು ಅವರಿಗೂ ಹಿಡಿಸಲಿಲ್ಲ. ಏನಾದರೂ ಮಾಡು, ಸಹಿ ಹಾಕಿ ಬೇಗ ಬಾ ಎಂದರು.

ಸಹಿಗೆ ಮೊದಲು ಪರದೆಯಲ್ಲಿ ಒಂದು ಖಾಲಿ ಜಾಗ ಬಂತು. ಮೂರನೆಯ ಡಬ್ಬದಲ್ಲಿ ಯಾರ ತೀರ್ಮಾನವನ್ನು ಮೆಷಿನ್ನು ಪಾಠವೆಂದು ತೆಗೆದುಕೊಳ್ಳಬೇಕೋ ಅವರ ಹೆಸರು. ಒಬ್ಬರದೇ ಹೆಸರು. ಎಸ್, ಯು, ಜೆ ಎಂದು ಮೂರಕ್ಷರ ಒತ್ತಿದೆ. ಯಜಮಾನರು ಹೇಳಿದ್ದು ಅದನ್ನೇ ಅಲ್ಲವೇ, ಒಬ್ಬರು ಸಾಕು, ಅದು ನೀನು ಎಂದು. ಬೆರಳು ಅಲ್ಲೇ ನಿಂತಿತು. ನನಗೆ ನಲವತ್ತಮೂರು, ನಾಲ್ಕಕ್ಷರ ಇಂಗ್ಲಿಷ್ ಬರುತ್ತದೆ, ಪೀಣ್ಯದಲ್ಲೋ ಇನ್ನೆಲ್ಲೋ ಒಂದು ಕೆಲಸ ಸಿಗಬಹುದು. ಸಿಗದೆಯೂ ಹೋಗಬಹುದು, ಆ ಭಯ ನನಗಿಲ್ಲವೇ? ಇದೆ. ಆದರೆ ಮೆಷಿನ್ನಿಗೆ ನಾನು ಏನು ಹೇಳಿಕೊಡುವುದಿದ್ದರೂ ಅದು ನನಗೆ ಹೇಳಿಕೊಟ್ಟವಳದ್ದು. ಮೂರೂ ಅಕ್ಷರ ಅಳಿಸಿ ಜಯಮ್ಮ ಎಂದು ಬರೆದೆ. ಸಹಿ ಹಾಕಿದೆ.

ಹೊರಡುವಾಗ ಲಿನ್ ಒಂದು ಹಸಿರು ಪ್ಯಾಕೆಟ್ ಕೊಟ್ಟ. ದಾರಿಯಲ್ಲಿ ತಿನ್ನಬೇಡಿ ಎಂದು ಫೋನಿನಿಂದ ಕನ್ನಡದಲ್ಲಿ ಹೇಳಿಸಿದ.

ಮತ್ತೆ ಕಾಮಾಕ್ಷಿಪಾಳ್ಯ

ಎರಡು ತಿಂಗಳಾದ ಮೇಲೆ ಹಡಗಿನಲ್ಲಿ ಮೆಷಿನ್ನು ಬಂತು. ಕುಂಕುಮ ಇಟ್ಟು, ನಿಂಬೆಹಣ್ಣು ಇಟ್ಟು, ಪಕ್ಕದಲ್ಲಿ ಹಸಿರು ಪ್ಯಾಕೆಟ್ಟನ್ನೂ ಇಟ್ಟೆವು. ಸ್ವಿಚ್ ಹಾಕಿದರು. ಹತ್ತು ನಿಮಿಷಕ್ಕೆ ಮೊದಲ ಸಂಶಯದ ಪೀಸು ಬಿತ್ತು, ಗಂಟೆ ಹೊಡೆಯಿತು, ಪರದೆಯ ಮೇಲೆ ದೊಡ್ಡ ಇಂಗ್ಲಿಷ್ ಅಕ್ಷರದಲ್ಲಿ ‘ಆಸ್ಕ್ ಜಯಮ್ಮ’ ಎಂದು ಬಂತು. ಯಜಮಾನರು ನನ್ನ ಮುಖ ನೋಡಿದರು. ಹೆಸರು ಬದಲಾಯಿಸು ಎಂದರು. ಅದಕ್ಕೆ ಲಿನ್‌ನ ಪಾಸ್‌ವರ್ಡ್ ಬೇಕು ಎಂದೆ. ಲಿನ್‌ಗೆ ಬರೆಸಿದರು. ಮೆಷಿನ್ನು ಒಬ್ಬರ ಹತ್ತಿರ ಕಲಿಯುತ್ತಿರುವಾಗ ನಡುವೆ ಬದಲಾಯಿಸಬಾರದು, ಕಲಿತು ಮುಗಿಸಿ ಕೇಳುವುದು ನಿಲ್ಲಿಸಿದ ಮೇಲೆ ಬದಲಾಯಿಸೋಣ, ಮೂರು ತಿಂಗಳು ಸಾಕು ಎಂದು ಉತ್ತರ ಬಂತು. ಜಯಮ್ಮನಿಗೆ ಪರದೆಯ ಇಂಗ್ಲಿಷ್ ಓದಲು ಬರುವುದಿಲ್ಲ, ಆದ್ದರಿಂದ ನಾನೂ ಬೇಕು. ಸದ್ಯಕ್ಕೆ ಇಬ್ಬರೂ ಇರಿ ಎಂದು ಯಜಮಾನರು ಗೊಣಗಿಕೊಂಡು ಹೋದರು. ಆ ಸಂಜೆ ಬಸ್ ಸ್ಟಾಪಿನಲ್ಲಿ ನಿಂತು ನಾನು ಜಯಮ್ಮನಿಗೆ ಎಲ್ಲವನ್ನೂ ಹೇಳಿದೆ. ಅವಳು ಕೇಳಿಸಿಕೊಂಡು, ಬಸ್ಸು ಬಂತು ನೋಡು ಎಂದು ಹತ್ತಿ ಹೋದಳು.

ಅಲ್ಲಿಂದ ಶುರುವಾಯಿತು ನನ್ನ ತಲೆನೋವು. ಗಂಟೆ ಹೊಡೆದ ಕೂಡಲೇ ಜಯಮ್ಮ ಪೀಸು ಎತ್ತಿಕೊಳ್ಳುತ್ತಾಳೆ, ಸೂಜಿಯಿಂದ ಮುಳ್ಳು ತೆಗೆಯುತ್ತಾಳೆ, ಒಳ್ಳೆಯ ಡಬ್ಬಕ್ಕೆ ಹಾಕಿ ಹಸಿರು ಗುಂಡಿ ಒತ್ತುತ್ತಾಳೆ. ಮೆಷಿನ್ನಿನ ಹತ್ತಿರ ಇರುವುದು ಮುಳ್ಳಿದ್ದ ಪೀಸಿನ ಫೋಟೋ. ಅದಕ್ಕೆ ಸಿಗುವ ಉತ್ತರ ಒಳ್ಳೆಯದು ಎಂದು. ಮುಳ್ಳು ಒಳ್ಳೆಯದೋ ಕೆಟ್ಟದ್ದೋ ತಿಳಿಯದೆ ಅದು ಮತ್ತೆ ಮತ್ತೆ ಕೇಳುತ್ತದೆ. ಅಕ್ಕಾ, ಮೊದಲು ಕೆಂಪು ಒತ್ತು, ಆಮೇಲೆ ಏನಾದರೂ ಮಾಡಿಕೋ ಎಂದು ನೂರು ಸಲ ಹೇಳಿದ್ದೇನೆ.

"ಕೈಯಲ್ಲಿರೋದು ಒಳ್ಳೇ ಪೀಸು. ಕೆಂಪು ಒತ್ತಿ ಸುಳ್ಳು ಹೇಳ್ಲಾ?" ಎನ್ನುತ್ತಾಳೆ.

ಮೂರು ತಿಂಗಳು ಕಳೆದು ಕಳೆದ ವಾರ ಲಿನ್‌ನ ಈಮೇಲ್ ಬಂತು. ನಿಮ್ಮ ಮೆಷಿನ್ನು ಏನೂ ಕಲಿತಿಲ್ಲ, ಮೊದಲ ದಿನ ಎಷ್ಟು ಸಲ ಕೇಳುತ್ತಿತ್ತೋ ಇವತ್ತೂ ಅಷ್ಟೇ ಸಲ ಕೇಳುತ್ತಿದೆ, ಹೀಗೆ ಎಲ್ಲೂ ಆಗಿಲ್ಲ, ಹಸಿರು ಪ್ಯಾಕೆಟ್ಟಿನ ತಾರೀಕು ಮುಗಿದಿದೆಯೇ ನೋಡಿ ಎಂದು ಬರೆದಿದ್ದ. ನಾನು ಈಮೇಲನ್ನು ಜಯಮ್ಮನಿಗೆ ಓದಿ ಹೇಳಿದೆ. ನಿನ್ನಿಂದಲೇ ಅದು ಇನ್ನೂ ಕೇಳುತ್ತಿರುವುದು, ಅದಾದರೂ ಗೊತ್ತಾ ನಿನಗೆ ಎಂದು ರೇಗಿದೆ.

ಅವಳು ಸೂಜಿಯ ಮೊನೆಯನ್ನು ಸೆರಗಿಗೆ ಒರೆಸಿ ಕನ್ನಡಕದ ಮೇಲಿಂದ ನನ್ನನ್ನು ನೋಡಿದಳು.

"ಕೇಳ್ಲಿ ಬಿಡೇ. ಇನ್ನೊಂದು ವರ್ಷ ಏಳು ತಿಂಗಳು ಕೇಳ್ಲಿ."

ನಾನು ಹೋಗಿ ಕಂಪ್ಯೂಟರಿನ ಮುಂದೆ ಕೂತೆ. ಈಮೇಲಿನ ಕೊನೆಯಲ್ಲಿ ಲಿನ್ ಇನ್ನೊಂದು ಸಾಲು ಬರೆದಿದ್ದ. ಮೆಷಿನ್ನು ಯಾಕೆ ಕಲಿಯುತ್ತಿಲ್ಲ ಎಂದು ಅಲ್ಲಿ ಕೂತು ಪರೀಕ್ಷಿಸುತ್ತಾನಂತೆ, ಅದಕ್ಕಾಗಿ ನೂರು ಕೆಟ್ಟ ಪೀಸು ಕೊರಿಯರಿನಲ್ಲಿ ಕಳಿಸಬೇಕಂತೆ. ಖಂಡಿತ ಕಳಿಸುತ್ತೇವೆ ಎಂದು ಉತ್ತರ ಬರೆದೆ. ಪೀಸು ಆರಿಸಿ ಪೊಟ್ಟಣ ಕಟ್ಟುವ ಕೆಲಸವನ್ನು ಜಯಮ್ಮನಿಗೇ ಒಪ್ಪಿಸಿದೆ.